ಹೊಸ ಎಂಜಿನ್ನಿಗೆ ಮೊದಲ ಹತ್ತು ಗಂಟೆ



2024ರ ಮಾರ್ಚಿನಲ್ಲಿ ಮರೀನ್ ಡ್ರೈವ್ ಎದುರಿನ ಕಡಲಲ್ಲಿ ಪವರ್‌ಬೋಟ್ ಸ್ಪರ್ಧೆ ನಡೆದದ್ದು ನಿಮಗೆ ನೆನಪಿರಬಹುದು. ದಹಿಸರ್‌ನಿಂದ ಲೋಕಲ್ ಹಿಡಿದು ಹೋಗಿ ನೋಡಿ ಬಂದ ನಮ್ಮ ಹುಡುಗರಿಗೆ ಆ ಗುಂಗು ಇನ್ನೂ ಬಿಟ್ಟಿಲ್ಲ. ಸಣ್ಣ ದೋಣಿಯೊಂದಕ್ಕೆ ಹೊಸ ಎಂಜಿನ್ ಕೂರಿಸಿ ತಾವೂ ಓಡಿಸಬೇಕಂತೆ. "ಆಂಟಿ, ನಿಮ್ಮ ತವರಿನಲ್ಲಿ ದೋಣಿ ಇತ್ತಲ್ಲ, ಅದರ ಬಗ್ಗೆ ಬರೆಯಿರಿ" ಎಂದು ಕೇಳಿದ್ದಾರೆ. ಗೃಹಿಣಿಗೆ ಎಂಜಿನ್ನಿನ ಉಸಾಬರಿ ಯಾಕೆ ಎನ್ನಬೇಡಿ. ಗಂಗೊಳ್ಳಿ ಕಡೆಯವಳು ನಾನು. ನಾಡದೋಣಿಗೆ ಎಂಜಿನ್ ಕೂರಿಸುವುದನ್ನು ನೋಡುತ್ತಲೇ ಬೆಳೆದವಳು.

ಮೊದಲು ಹೆಸರು. 'ಬೋರ್ಡ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಹಡಗಿನ ಪಕ್ಕ ಎಂಬ ಅರ್ಥವೂ ಇತ್ತು. ದೋಣಿಯ ಒಡಲಿನಾಚೆ, ಹಿಂಬದಿಯ ಹಲಗೆಗೆ ತೂಗಿಕೊಂಡಿರುವ ಎಂಜಿನ್ ಆದ್ದರಿಂದ ಅದು ಔಟ್‌ಬೋರ್ಡ್. ಮರವಂತೆ, ಗಂಗೊಳ್ಳಿ, ಮಲ್ಪೆಯ ನಾಡದೋಣಿಗಳಿಗೂ ಇದೇ ಜಾತಿಯ ಎಂಜಿನ್. ಅಲ್ಲಿ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರುತ್ತಾರೆ. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಎಂಜಿನ್ ಮುನಿಸಿಕೊಳ್ಳುತ್ತದೆ.

ಎಂಜಿನ್ ಕೂರಿಸುವಾಗ ಎತ್ತರ ಮುಖ್ಯ. ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದಿಂಚಿನೊಳಗೆ ಕೆಳಗಿರಬೇಕು. ಹೆಚ್ಚು ಕೆಳಗಾದರೆ ನೀರಿನ ಎಳೆತ ಜಾಸ್ತಿಯಾಗಿ ವೇಗ ಕುಂದುತ್ತದೆ. ಹೆಚ್ಚು ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಬರಿದೇ ಅಬ್ಬರಿಸುತ್ತದೆ, ದೋಣಿ ಮುಂದಕ್ಕೆ ಹೋಗದು. ಸ್ಪರ್ಧೆಯವರು ವೇಗಕ್ಕಾಗಿ ಎಂಜಿನ್ನನ್ನು ಮೇಲೇರಿಸುತ್ತಾರೆ ನಿಜ. ಆದರೆ ತಂಪಿನ ನೀರು ಎಳೆಯುವ ಕಂಡಿ ನೀರಿನಿಂದ ಮೇಲೆ ಬಂದರೆ ಎಂಜಿನ್ ಸುಟ್ಟುಹೋಗುತ್ತದೆ. ಮೊದಲ ಓಟದ ನಂತರ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಲು ಮರೆಯಬೇಡಿ.

ಇನ್ನು ಪ್ರೊಪೆಲ್ಲರ್. ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಸಾಗುತ್ತದೋ ಅದೇ ಪಿಚ್. ಪೂರ್ತಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತಬೇಕೆಂದು ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತದೆ. ಅಷ್ಟು ಮುಟ್ಟದಿದ್ದರೆ ಪಿಚ್ ಹೆಚ್ಚಾಯಿತು, ದಾಟಿದರೆ ಕಡಿಮೆಯಾಯಿತು. ಒಂದಿಂಚು ಪಿಚ್ ಬದಲಾದರೆ ಸುಮಾರು 150ರಿಂದ 200 ಸುತ್ತಿನ ವ್ಯತ್ಯಾಸ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಮೊದಲ ಹತ್ತು ಗಂಟೆ. ಹೊಸ ಎಂಜಿನ್ನಿನ ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ಇನ್ನೂ ಒಗ್ಗಿರುವುದಿಲ್ಲ. ಸಾಮಾನ್ಯ ಕ್ರಮ ಹೀಗಿದೆ: ಮೊದಲ ಹತ್ತು ನಿಮಿಷ ಅತಿ ನಿಧಾನ, ಮುಂದಿನ 50 ನಿಮಿಷ ಅರ್ಧ ವೇಗ ದಾಟಬಾರದು, ಎರಡನೆಯ ಗಂಟೆ ಮುಕ್ಕಾಲು ವೇಗ, ಆಮೇಲಿನ ಎಂಟು ಗಂಟೆ ಪೂರ್ತಿ ವೇಗದಲ್ಲಿ ಒಮ್ಮೆಗೆ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಟೂ ಸ್ಟ್ರೋಕ್ ಆದರೆ ಅನೇಕ ಮಾದರಿಗಳಿಗೆ ಈ ಅವಧಿಯಲ್ಲಿ ಎಣ್ಣೆ ಇಮ್ಮಡಿ: 50 ಪಾಲು ಪೆಟ್ರೋಲಿಗೆ ಒಂದು ಪಾಲಿನ ಬದಲು, 25ಕ್ಕೆ ಒಂದು. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವಂತಿಲ್ಲ. ನಿಮ್ಮ ಎಂಜಿನ್ನಿನ ಪುಸ್ತಕ ಹೇಳಿದ್ದೇ ಕೊನೆಯ ಮಾತು. ತಾಳಿದವನು ಬಾಳಿಯಾನು ಎಂಬುದು ಯಂತ್ರಕ್ಕೂ ಸಲ್ಲುವ ಮಾತು.

ಎಂಜಿನ್ ಚಾಲೂ ಆದೊಡನೆ ಹಿಂದಿನ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಇಲ್ಲವಾದರೆ ತಕ್ಷಣ ನಿಲ್ಲಿಸಿ. ಗೊರಾಯಿ ಖಾಡಿಯಂಥ ಜಾಗದಲ್ಲಿ ಕೆಸರಿಗಿಂತ ಪ್ಲಾಸ್ಟಿಕ್ ಚೀಲದ ಭಯವೇ ಹೆಚ್ಚು. ಒಂದು ಚೀಲ ಅಂಟಿಕೊಂಡರೆ ಸಾಕು, ನೀರು ನಿಲ್ಲುತ್ತದೆ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರು ಹಾಯಿಸಿ ಒಳಗೆಲ್ಲ ತೊಳೆಯಿರಿ. ನೀರಿಲ್ಲದೆ ಒಣದಾಗಿ ಮಾತ್ರ ಓಡಿಸಬೇಡಿ. ಪಂಪಿನೊಳಗಿನ ರಬ್ಬರ್ ಚಕ್ರ ಕ್ಷಣಗಳಲ್ಲಿ ಹಾಳಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹಣದ ಮಾತು. ಕೊನೆಯದು ಪ್ರಾಣದ ಮಾತು. ಎಂಜಿನ್ನಿನ ಜತೆ ಸುರುಳಿಯಾದ ಒಂದು ಹಗ್ಗ ಬರುತ್ತದೆ. ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ಓಡಿಸುವವರ ಮಣಿಕಟ್ಟಿಗೆ ಇಲ್ಲವೇ ಲೈಫ್ ಜಾಕೆಟ್ಟಿಗೆ. ತಿರುವಿನಲ್ಲಿ ನೀವು ನೀರಿಗೆ ಬಿದ್ದರೆ ಹಗ್ಗ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ಕಟ್ಟಿಕೊಳ್ಳದಿದ್ದರೆ? ಹಿಡಿದವರಿಲ್ಲದ ಎಂಜಿನ್ ಒಂದು ಪಕ್ಕಕ್ಕೆ ವಾಲಿ, ದೋಣಿ ಚಕ್ರಾಕಾರವಾಗಿ ಸುತ್ತುತ್ತಾ ಬಿದ್ದವರ ಮೇಲೆಯೇ ಬರುತ್ತದೆ, ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ಈಜು ಬಲ್ಲವರನ್ನೂ ಅದು ಬಿಡುವುದಿಲ್ಲ.

ಆದ್ದರಿಂದ ಹುಡುಗರೇ, ಹುಡುಗಿಯರೇ, ಆಸೆ ಒಳ್ಳೆಯದು, ಅದನ್ನು ಬಿಡಬೇಡಿ. ಮೊದಲು ಹಗ್ಗ ಕಟ್ಟಿಕೊಳ್ಳಿ, ಹತ್ತು ಗಂಟೆ ನಿಧಾನವಾಗಿ ಓಡಿಸಿ, ಆಮೇಲೆ ವೇಗದ ಮಾತು. ನಿಮ್ಮ ದೋಣಿ ದಡ ಸೇರುವುದನ್ನು ಮನೆಯಲ್ಲಿ ಅಪ್ಪ ಅಮ್ಮ ಕಾಯುತ್ತಿರುತ್ತಾರೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.