ಕಣದ ಪಾಲು ಯಾರಿಗೆ?

ಸುಗ್ಗಿಯಲ್ಲಿ ರಾಶಿಯ ಮುಂದೆ ಕೂತು ಒಕ್ಕಲಿಗನು ಲೆಕ್ಕ ಹಾಕುತ್ತಾನೆ: ಬೀಜಕ್ಕಿಷ್ಟು, ಮನೆಗಿಷ್ಟು, ಸಾಲಕ್ಕಿಷ್ಟು. ನಮ್ಮ ಹಿರಿಯರ ಲೆಕ್ಕದಲ್ಲಿ ಇನ್ನೊಂದು ಬಾಬು ಇತ್ತು. ರಾಶಿ ಮನೆ ಸೇರುವ ಮೊದಲು ಕಣದಲ್ಲಿಯೇ ಆಯ ಅಳೆಯುವುದು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಗೆ ಮರಾಠಿಯಲ್ಲಿ ಇದಕ್ಕೇ ಬಲುತೆ ಎಂದು ಹೆಸರು. ಬಡಿಗ, ಕಂಬಾರ, ಕುಂಬಾರ, ಅಗಸ, ಗುಡಿಯ ಗುರವ, ಪಂಚಾಂಗದ ಜೋಯಿಸ, ಊರ ಕಾವಲಿನ ಮಹಾರ, ಇವರೆಲ್ಲರ ವರ್ಷದ ದುಡಿಮೆಗೆ ಕಣದ ಕಾಳೇ ಕೂಲಿ.

ಇದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಯಹೂದ್ಯರ ಶಾಸ್ತ್ರದಲ್ಲಿ ಬೆಳೆಯ ಮೊದಲ ಪಾಲು ಪೂಜಾರಿಗೆ. ಉದಾರಿಯಾದವನು 40ರಲ್ಲಿ ಒಂದು, ಸಾಧಾರಣನು 50ರಲ್ಲಿ ಒಂದು, ಜಿಪುಣನು 60ರಲ್ಲಿ ಒಂದು ಕೊಡುತ್ತಿದ್ದನು. ಉಳಿದುದರಲ್ಲಿ ಹತ್ತರಲ್ಲೊಂದು ಗುಡಿಯ ಸೇವೆಯ ಲೇವಿಯರಿಗೆ. ನಾಡನ್ನು ಹಂಚುವಾಗ ಅವರ ಕುಲಕ್ಕೆ ಹೊಲದ ಪಾಲು ಸಿಕ್ಕಿರಲಿಲ್ಲ. ಆ ಲೇವಿಯರೂ ತಮಗೆ ಬಂದುದರ ಹತ್ತರಲ್ಲೊಂದನ್ನು ಪೂಜಾರಿಗೆ ಕೊಡಬೇಕು. ಏಳು ವರ್ಷದ ಸುತ್ತಿನಲ್ಲಿ 3ನೆಯ ಮತ್ತು 6ನೆಯ ವರ್ಷ ಮತ್ತೊಂದು ದಶಾಂಶ ಬಡವರಿಗೆ. 7ನೆಯ ವರ್ಷ ಹೊಲಕ್ಕೇ ವಿಶ್ರಾಂತಿ. ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು. ಬಿದ್ದ ತೆನೆ, ಮರೆತ ಸಿವುಡು ಬಡವರದೇ. ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ಗುಡಿಯನ್ನು ಕೆಡವಿದರು. ಆದರೂ ತಮ್ಮ ಗಳಿಕೆಯ ಹತ್ತರಲ್ಲೊಂದನ್ನು ದಾನಕ್ಕೆ ತೆಗೆದಿಡುವ ವಾಡಿಕೆ ಅವರ ಅನೇಕ ಶ್ರದ್ಧಾವಂತರಲ್ಲಿ ಇಂದಿಗೂ ಉಂಟು.

ಹಾಗಾದರೆ ನಮ್ಮ ಹಳೆಯ ಆಯವೇ ಮರಳಿ ಬರಲಿ ಎನ್ನೋಣವೇ? ಬೇಡ. ಅದು ಕಾಳಿನೊಡನೆ ಮನುಷ್ಯನನ್ನೂ ಅಳೆಯಿತು. ಹುಟ್ಟಿದ ಜಾತಿಗೆ ದುಡಿಮೆಯನ್ನು ಕಟ್ಟಿಹಾಕಿತು. ಮಹಾರರನ್ನು ವತನದ ಬಿಟ್ಟಿಚಾಕರಿಯಿಂದ ಬಿಡಿಸಲು ಡಾ. ಅಂಬೇಡ್ಕರರು 1928ರಲ್ಲಿಯೇ ಮುಂಬಯಿ ಶಾಸನಸಭೆಗೆ ಮಸೂದೆ ತಂದರು. 1958ರ ಮುಂಬಯಿ ಕಾನೂನು ಇಂಥ ಕೆಳದರ್ಜೆಯ ವತನಗಳನ್ನು ತೆಗೆದುಹಾಕಿತು. ಅದು ನ್ಯಾಯವೇ ಆಯಿತು.

ಆದರೆ ಸಂಕೋಲೆಯೊಡನೆ ಒಳ್ಳೆಯದೊಂದನ್ನೂ ನಾವು ಕಳೆದುಕೊಂಡೆವು. ಕಣದಲ್ಲಿ ಅಳೆದ ಕಾಳು ಭಿಕ್ಷೆಯಾಗಿರಲಿಲ್ಲ, ಹಕ್ಕಾಗಿತ್ತು. ಹಕ್ಕಲು ಆಯುವುದೂ ಹಾಗೆಯೇ. ಮೊಹೋಳದ ಕೇಂದ್ರದಿಂದ ಬಂದ ಮಾಲದಂಡಿ ಜೋಳವನ್ನು ಕಿತ್ತ ಹೊಲದಲ್ಲಿ ಬಡ ಹೆಣ್ಣುಮಗಳು ಉಡಿಯಲ್ಲಿ ತೆನೆ ಆಯ್ದರೆ ಯಾರೂ ಗದರುತ್ತಿರಲಿಲ್ಲ. ಇಂದು ಜೋಳದ ಎರಿಯಲ್ಲಿ ಕಬ್ಬು ನಿಂತಿದೆ. ಕಬ್ಬಿನಲ್ಲಿ ಹಕ್ಕಲು ಎಲ್ಲಿಂದ ಬರಬೇಕು? ಕಾಳು ಹೊಲದಿಂದ ನೇರವಾಗಿ ಅಡತಿಗೆ ಹೋಗುತ್ತದೆ. ಭೂಮಿ ಇಲ್ಲದವರ ಪಾಲನ್ನು ನಾವು ಯಾರೂ ಕೇಳಿ ಕಸಿದುಕೊಂಡಿಲ್ಲ, ಸುಮ್ಮನೆ ಮರೆತಿದ್ದೇವೆ.

ಚಿಂಚೋಳಿ ಎಂಐಡಿಸಿಯಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರಿಗೂ ಇದೇ ಮಾತು. ಅವರಿಗೆ ಕಣವಿಲ್ಲ, ಪಗಾರವಿದೆ. ಪಗಾರವೂ ಒಂದು ರಾಶಿಯೇ. ಕಾಯಕದ ಹಿಂದೆಯೇ ದಾಸೋಹ ಬರಬೇಕೆಂದು ಶರಣರು ತೋರಿಸಿಕೊಟ್ಟರು. ಸೊನ್ನಲಿಗೆಯ ಸಿದ್ಧರಾಮನು ಕಟ್ಟಿಸಿದ ಕೆರೆ ಊರವರೆಲ್ಲರ ಬಾಯಾರಿಕೆಗೆ ಇತ್ತೇ ಹೊರತು ಒಬ್ಬ ಧಣಿಯ ಹೊಲಕ್ಕಲ್ಲ.

ಆದುದರಿಂದ ರೈತಬಾಂಧವರಲ್ಲಿ ನಮ್ಮ ಸೂಚನೆ ಇಷ್ಟೇ. ಬರುವ ಸುಗ್ಗಿಯಲ್ಲಿ ಚೀಲ ಹೊಲಿಯುವ ಮೊದಲು ಒಂದು ಪಾಲು ಅಳೆದಿಡಿರಿ. ಹತ್ತರಲ್ಲೊಂದು ಆಗದಿದ್ದರೆ ಜಿಪುಣನ 60ರಲ್ಲೊಂದಾದರೂ ಇರಲಿ. ಜಾತಿ ಕೇಳಬೇಡಿರಿ, ಊರಿನ ವಿಧವೆಗೆ, ಕೂಲಿಯ ಮುದುಕನಿಗೆ, ಶಾಲೆ ಬಿಡುವ ಹಾದಿಯಲ್ಲಿರುವ ಮಗುವಿಗೆ ಮುಟ್ಟಿಸಿರಿ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಜೋಳ ಬಿತ್ತಿ, ಹಕ್ಕಲು ಆಯುವವರಿಗೆ ಬಿಡಿರಿ. ಕೊಟ್ಟುದನ್ನು ಕಟ್ಟೆಯ ಮೇಲೆ ಹೇಳಿಕೊಳ್ಳಬೇಡಿರಿ. ಅದು ನಿಮ್ಮ ದಾನವಲ್ಲ, ಅವರ ಪಾಲು.