ಬಿಳಿಯ ಸೂಟೂ ಕೂಲಿಗಾರನ ಹೊಟ್ಟೆಯೂ

ಇಂಗ್ಲೆಂಡಿನ ಹಳೆಯ ಹಾಸ್ಯ ಚಿತ್ರಗಳ ಮಾತೆತ್ತಿದರೆ ನಮ್ಮ ಸಂಗಾತಿಗಳಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. “ಬಿಳಿಯರ ಕೋಡಂಗಿಯಾಟದಿಂದ ಗಿರಣಿ ಕೆಲಸಗಾರನಿಗೆ ಆಗಬೇಕಾದುದೇನು? ಅದರಲ್ಲೂ ಕಾರ್ಮಿಕ ಸಂಘವನ್ನೇ ಗೇಲಿ ಮಾಡುವ ಚಿತ್ರಗಳಂತೆ ಅವು!” ಎನ್ನುತ್ತಾರೆ. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಆದರೆ ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಚಿತ್ರಗಳನ್ನು ನೋಡಿದವರಲ್ಲ. ನೋಡಿ ಬೈದರೆ ಬೈಗುಳಕ್ಕೂ ಒಂದು ತೂಕ ಬರುತ್ತದೆ.

ಅವರ ಕೋಪವೆಲ್ಲ ಮುಖ್ಯವಾಗಿ 1959ರ ‘ಐ ಯಾಮ್ ಆಲ್ ರೈಟ್ ಜ್ಯಾಕ್’ ಎಂಬ ಚಿತ್ರದ ಮೇಲೆ. ‘ನನ್ನ ಪಾಡು ನೆಟ್ಟಗಾಯಿತು, ಮಿಕ್ಕವರದು ಏನಾದರೂ ಆಗಲಿ’ ಎಂಬುದೇ ಆ ಹೆಸರಿನ ಭಾವ. ತಯಾರಿಸಿದವರು ಬೌಲ್ಟಿಂಗ್ ಸಹೋದರರು. ಕ್ಷಿಪಣಿ ಕಾರ್ಖಾನೆಯೊಂದರಲ್ಲಿ ಫ್ರೆಡ್ ಕೈಟ್ ಎಂಬ ಸಂಘದ ಮುಖಂಡ. ಪೀಟರ್ ಸೆಲರ್ಸ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾನೆಂದರೆ, ಮೋಟು ಮೀಸೆ, ಬಿಗಿದ ಕೋಟು, ತಪ್ಪುತಪ್ಪಾದ ದೊಡ್ಡ ದೊಡ್ಡ ಶಬ್ದಗಳು, ಎಲ್ಲ ಸೇರಿ ನಮಗೆ ಗೊತ್ತಿರುವ ಯಾರೋ ಒಬ್ಬರು ನೆನಪಾಗದೆ ಇರುವುದಿಲ್ಲ. (ನನಗೆ ನೆನಪಾದದ್ದು ನಾನೇ. ಮೇಷ್ಟರ ಕೆಲಸ ಬಿಟ್ಟು ಭಾಷಣಕ್ಕೆ ನಿಂತವನಿಗೆ ಈ ರೋಗ ಬೇಗ ತಗಲುತ್ತದೆ.) ಸೋವಿಯತ್ ದೇಶದ ಹೊಲಗಳನ್ನೂ ಸಂಜೆಯ ನೃತ್ಯವನ್ನೂ ಕೈಟ್ ಕನಸು ಕಾಣುತ್ತಾನೆ, ಆದರೆ ಮನೆಯಲ್ಲಿ ಹೆಂಡತಿಯೇ ಮುಷ್ಕರ ಹೂಡಿ ಹೊರಟುಹೋದರೆ ಪಾತ್ರೆ ತೊಳೆಯುವುದು ಹೇಗೆಂದು ಅವನಿಗೆ ತಿಳಿಯದು. ಇದಕ್ಕೆ ನಗಬಾರದೆಂದರೆ ಹೇಗೆ? ನಮ್ಮ ಮನೆಗಳಲ್ಲಿ ಹೆಂಗಸರು ಒಂದು ದಿನ ಅದೇ ನೋಟೀಸು ಕೊಟ್ಟರೆ ನಮ್ಮ ಗತಿಯೇನು?

ಕಥೆಯನ್ನು ಪೂರ್ತಿ ನೋಡಿದವನಿಗೆ ಇನ್ನೊಂದು ಸಂಗತಿ ಕಾಣದೆ ಹೋಗುವುದಿಲ್ಲ. ಆ ಚಿತ್ರದಲ್ಲಿ ಮುಷ್ಕರ ಬೇಕಾಗಿರುವುದು ಮಾಲೀಕನಿಗೆ! ತನ್ನ ಕಾರ್ಖಾನೆ ನಿಂತರೆ ವಿದೇಶದ ಶಸ್ತ್ರಾಸ್ತ್ರದ ಗುತ್ತಿಗೆ ಹೆಚ್ಚಿನ ಬೆಲೆಗೆ ಗೆಳೆಯನ ಕಾರ್ಖಾನೆಗೆ ಹೋಗುತ್ತದೆ, ಬಂದ ಲಾಭವನ್ನು ಹಂಚಿಕೊಳ್ಳಬಹುದು ಎಂಬುದು ಹೂಟ. ಅದಕ್ಕಾಗಿಯೇ ಏನೂ ತಿಳಿಯದ ದೊಡ್ಡ ಮನೆತನದ ಹುಡುಗನೊಬ್ಬನನ್ನು ಕೆಲಸಕ್ಕೆ ಹಾಕುತ್ತಾರೆ. ಅವನು ಹುರುಪಿನಿಂದ ದುಡಿಯುತ್ತಾನೆ, ಗಡಿಯಾರ ಹಿಡಿದವನು ಅದನ್ನು ಬರೆದುಕೊಳ್ಳುತ್ತಾನೆ, ಎಲ್ಲರ ಕೆಲಸದ ಪ್ರಮಾಣವೂ ಏರುತ್ತದೆ, ಮುಷ್ಕರ ಶುರುವಾಗುತ್ತದೆ. ಇಡೀ ಚಿತ್ರದಲ್ಲಿ ಲಂಚ ಮುಟ್ಟದ ಇಬ್ಬರು ಯಾರೆಂದರೆ ಈ ಪೆದ್ದ ಹುಡುಗ ಮತ್ತು ಆ ಕೈಟ್.

ಆದರೂ ತಪ್ಪನ್ನು ತಪ್ಪೆಂದೇ ಹೇಳಬೇಕು. ಬೌಲ್ಟಿಂಗರ ಕೆಲಸಗಾರರು ಪೆಟ್ಟಿಗೆಗಳ ಹಿಂದೆ ಕೂತು ಇಸ್ಪೀಟು ಆಡುತ್ತಾರೆ, ದುಡಿಯುವುದು ಕಾಣಿಸುವುದೇ ಇಲ್ಲ. ಬೆನ್ನು ಬಗ್ಗಿಸಿದವನ ಮುಖವನ್ನು ಒಮ್ಮೆಯಾದರೂ ತೋರಿಸಿದ್ದರೆ ನಗುವಿಗೆ ನ್ಯಾಯ ಬರುತ್ತಿತ್ತು. ಮಾಲೀಕನ ಕಳ್ಳತನವನ್ನು ಪ್ರೇಕ್ಷಕ ಬಾಗಿಲಲ್ಲೇ ಮರೆಯುತ್ತಾನೆ; ಕೈಟನ ಮೀಸೆ ಮನೆಯವರೆಗೆ ಬರುತ್ತದೆ. ಈ ಚಿತ್ರದ ಮೇಲೆ ನನ್ನ ದೂರು ಇದು.

ಇದಕ್ಕಿಂತ ಹತ್ತು ವರ್ಷ ಹಿಂದಿನ ಚಿತ್ರಗಳು ಬೇರೆ ಜಾತಿಯವು. 1945ರಲ್ಲಿ ಯುದ್ಧ ಗೆದ್ದ ಇಂಗ್ಲೆಂಡಿನ ಜೇಬು ಬರಿದಾಗಿತ್ತು. ಯುದ್ಧಕಾಲದಲ್ಲೂ ಇಲ್ಲದಿದ್ದ ಬ್ರೆಡ್ಡಿನ ರೇಷನ್ನು 1946ರಿಂದ 1948ರವರೆಗೆ ನಡೆಯಿತು. ರೇಷನ್ನು ಪೂರ್ತಿ ಮುಗಿದದ್ದು 1954ರಲ್ಲಿ. ಆ ವರ್ಷಗಳಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್ ಸ್ಟುಡಿಯೋದಿಂದ ಮೈಕೇಲ್ ಬಾಲ್ಕನ್ನನ ಮೇಲ್ವಿಚಾರಣೆಯಲ್ಲಿ ಬಂದ ಚಿತ್ರಗಳಲ್ಲಿ ಅಂಗಡಿಯವರು, ಬ್ಯಾಂಕಿನ ಗುಮಾಸ್ತರು, ದ್ವೀಪದ ಬಡಜನ ಕಥಾನಾಯಕರು. ನಮ್ಮ ವ್ಯಾಪಾರಿ ಬಂಧುಗಳು ನೋಡಬೇಕಾದದ್ದು 1949ರ ‘ಪಾಸ್‌ಪೋರ್ಟ್ ಟು ಪಿಮ್ಲಿಕೋ’. ಸಿಡಿಯದೆ ಉಳಿದಿದ್ದ ಬಾಂಬು ಸಿಡಿದು ಹಳೆಯ ನಿಧಿಯೂ ಪತ್ರವೂ ಸಿಗುತ್ತವೆ. ಲಂಡನ್ನಿನ ಆ ಕೇರಿ ಇಂಗ್ಲೆಂಡಿಗೆ ಸೇರಿದ್ದೇ ಅಲ್ಲ, ಬರ್ಗಂಡಿಗೆ ಸೇರಿದ್ದು ಎಂದು ಸಾಬೀತಾಗುತ್ತದೆ. ಜನ ಕುಣಿದಾಡಿ ರೇಷನ್ ಪುಸ್ತಕ ಹರಿದು ಬಿಸಾಡುತ್ತಾರೆ. ಬೆಳಗಾದರೆ ಊರಿನ ಕಳ್ಳಸಂತೆಯವರೆಲ್ಲ ಅದೇ ಬೀದಿಗೆ ಬಂದು ಗುಡ್ಡೆ ಹಾಕಿದ್ದಾರೆ! ಕಟ್ಟಲೆ ಇಲ್ಲದಿದ್ದರೆ ಸಣ್ಣ ಅಂಗಡಿ ಬದುಕುತ್ತದೆಂದು ನಂಬಿದವರು ಆ ಬೀದಿಯನ್ನು ಒಮ್ಮೆ ನೋಡಲಿ. ಸರ್ಕಾರ ಮುಳ್ಳುತಂತಿ ಹಾಕಿ ಕೇರಿಯನ್ನು ಮುಚ್ಚಿದಾಗ ಆಚೆಯ ಜನ ತಂತಿಯ ಮೇಲಿಂದ ತಿನಿಸನ್ನು ಎಸೆಯುತ್ತಾರೆ. ಅದನ್ನು ನೋಡಿ ನಗುವವನ ಕಣ್ಣು ಸ್ವಲ್ಪ ಒದ್ದೆಯೂ ಆಗುತ್ತದೆ.

ಗಿರಣಿಯವರಿಗೆಂದೇ ಮಾಡಿದಂತಿರುವುದು 1951ರ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್. ಇಂಗ್ಲೆಂಡಿನ ಉತ್ತರ ಭಾಗದ ಬಟ್ಟೆ ಗಿರಣಿಯೊಂದರ ಪ್ರಯೋಗಶಾಲೆಯಲ್ಲಿ ಸಿಡ್ನಿ ಸ್ಟ್ರಾಟನ್ ಎಂಬವನು, ಅಂದರೆ ಅಲೆಕ್ ಗಿನ್ನೆಸ್, ಗಾಜಿನ ಕೊಳವೆಗಳಲ್ಲಿ ಬುಳುಬುಳು ಸದ್ದು ಮಾಡಿಸುತ್ತ ಹೊಸ ನೂಲೊಂದನ್ನು ಕಂಡುಹಿಡಿಯುತ್ತಾನೆ. ಅದರ ಬಟ್ಟೆ ಕೊಳೆಯಾಗದು, ಸವೆಯದು. ಬಣ್ಣವೂ ಹಿಡಿಯದು, ಆದ್ದರಿಂದ ಅಚ್ಚ ಬಿಳಿ. ಇದು ಬರೀ ಕಟ್ಟುಕಥೆಯೆನ್ನಬೇಡಿ. ಲ್ಯಾಂಕಷೈರಿನ ಬಟ್ಟೆ ಉದ್ಯಮದ ಪ್ರಯೋಗಶಾಲೆಯಲ್ಲೇ 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಟೆರಿಲೀನನ್ನು ಕಂಡುಹಿಡಿದರು. ಒಗೆದು ಹಾಕಿದರೆ ಇಸ್ತ್ರಿ ಬೇಡದ ಟೆರಿಲೀನ್ ಅಂಗಿ ಬಂದಾಗ ಹತ್ತಿಯ ಬಟ್ಟೆ ಮಾರುತ್ತಿದ್ದವರ ಮುಖ ಹೇಗಾಗಿತ್ತೆಂದು ಹಳೆಯ ಜವಳಿ ವರ್ತಕರನ್ನು ಕೇಳಿ.

ಮಾಲೀಕರು ಮೊದಲು ಹಿಗ್ಗುತ್ತಾರೆ, ಆಮೇಲೆ ಬೆವರುತ್ತಾರೆ. ಸವೆಯದ ಬಟ್ಟೆಯನ್ನು ಒಮ್ಮೆ ಕೊಂಡವನು ಮತ್ತೆ ಯಾಕೆ ಕೊಳ್ಳುತ್ತಾನೆ? ತುಪ್ಪಳದ ಕೋಟು ಹೊದ್ದ ಮುದಿ ಸರ್ ಜಾನ್ ಕೀರ್‌ಲಾ ಕಾರಿನಲ್ಲಿ ಬಂದಿಳಿಯುತ್ತಾನೆ. ಹಣ ಕೊಟ್ಟು ಈ ಶೋಧನೆಯನ್ನೇ ಹೂತುಹಾಕಬೇಕೆಂದು ತೀರ್ಮಾನವಾಗುತ್ತದೆ. ಅತ್ತ ಸಂಘದವರಿಗೂ ಇದೇ ಚಿಂತೆ: ಒಂದು ಸಲ ನೇಯ್ದು ಮುಗಿದ ಮೇಲೆ ಮಗ್ಗಕ್ಕೇನು ಕೆಲಸ? ದೂರು ಹೇಳಲು ಬಂದ ಕೂಲಿಗಾರರಿಗೂ ಮಾಲೀಕರಿಗೂ ಆ ಒಂದು ರಾತ್ರಿ ಒಂದೇ ಮಾತು. ಇಬ್ಬರೂ ಸೇರಿ ಸಿಡ್ನಿಯನ್ನು ಬೀದಿಬೀದಿ ಅಟ್ಟುತ್ತಾರೆ. ಕತ್ತಲಲ್ಲಿ ಅವನ ಸೂಟು ಹೊಳೆಯುತ್ತದೆ, ಅಡಗಲು ಜಾಗವಿಲ್ಲ.

ಕೂಲಿಗಾರರು ವಿಜ್ಞಾನದ ವೈರಿಗಳೆಂದು ಇದರಿಂದ ತೀರ್ಪು ಕೊಟ್ಟುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. 1931ರಲ್ಲಿ ಗಾಂಧೀಜಿ ಲ್ಯಾಂಕಷೈರಿಗೆ ಹೋದಾಗ ಕೆಲಸವಿಲ್ಲದೆ ಕೈಕಟ್ಟಿ ಕೂತ ಗಿರಣಿ ಜನರನ್ನು ಕಂಡರು; ನಮ್ಮ ಬಹಿಷ್ಕಾರದ ಪೆಟ್ಟು ತಿಂದಿದ್ದರೂ ಆ ಜನ ಅವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ಅಂಥ ಊರುಗಳ ಕೆಲಸಗಾರನಿಗೆ ಬಾಗಿಲು ಮುಚ್ಚಿದ ಗಿರಣಿ ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನೂಲು ಗಟ್ಟಿಯಾದಷ್ಟೂ ಮೈಮುರಿತ ಕಡಿಮೆಯಾಗಬೇಕು, ಬಿಡುವು ಹೆಚ್ಚಬೇಕು. ಆದರೆ ನೂಲಿನ ಯಜಮಾನ ಕೀರ್‌ಲಾ ಆಗಿರುವವರೆಗೆ ಕೂಲಿಯವನ ಪಾಲಿಗೆ ಬರುವ ಬಿಡುವು ವಜಾ ಚೀಟಿಯ ರೂಪದಲ್ಲಿ ಬರುತ್ತದೆ. ಆ ರಾತ್ರಿ ಅವರು ಮಾಲೀಕನ ಜೊತೆ ಕೈಜೋಡಿಸಿದ್ದು ತಪ್ಪೆಂದು ನನ್ನ ಮನಸ್ಸು ಹೇಳುತ್ತದೆ. ಮತ್ತೇನು ಮಾಡಬೇಕಾಗಿತ್ತು ಎಂದು ಅವರ ನಡುವೆ ನಿಂತು ಹೇಳಲು ಮಾತ್ರ ನನ್ನಲ್ಲಿ ಧೈರ್ಯವಿಲ್ಲ. ಮೆಕೆಂಡ್ರಿಕ್ಕನೂ ಹೇಳುವುದಿಲ್ಲ, ಯಾರನ್ನೂ ಬಿಡದೆ ನಗುತ್ತಾನೆ, ಆದರೆ ಅವರ ಹೆದರಿಕೆಯನ್ನು ಸುಳ್ಳೆನ್ನುವುದಿಲ್ಲ.

ಓಡುವ ಸಿಡ್ನಿಗೆ ಅವನು ಬಾಡಿಗೆಗಿದ್ದ ಮನೆಯ ಮುದುಕಿ ಎದುರಾಗುತ್ತಾಳೆ. ಬೇರೆಯವರ ಬಟ್ಟೆ ಒಗೆದು ನಾಲ್ಕು ಕಾಸು ಕಾಣುವವಳು. ಬಟ್ಟೆ ಕೊಳೆಯೇ ಆಗದಿದ್ದರೆ ತನ್ನ ಒಗೆತದ ಗತಿಯೇನೆಂದು ಕೇಳುತ್ತಾಳೆ. ಅಲ್ಲಿಯವರೆಗೂ ಅವನಿಗೆ ಇದು ಹೊಳೆದಿರಲಿಲ್ಲ. ಬಾಯಿ ಕಟ್ಟಿ ನಿಂತುಬಿಡುತ್ತಾನೆ.

ಕೊನೆಗೆ ಜನ ಅವನನ್ನು ಮುತ್ತಿದಾಗ ನೂಲು ತಾನಾಗಿ ಬಿಟ್ಟುಕೊಂಡು ಸೂಟು ಚೂರುಚೂರಾಗುತ್ತದೆ. ಮಾಲೀಕರೂ ಕೂಲಿಗಾರರೂ ಒಟ್ಟಿಗೆ ನಗುತ್ತಾರೆ, ಕೆಲಸ ಉಳಿಯಿತು. ಸಿಡ್ನಿಗೆ ಮಾತ್ರ ಕೆಲಸ ಹೋಗುತ್ತದೆ. ಅವನು ತನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡುತ್ತಾನೆ, ತಪ್ಪು ಎಲ್ಲಾಯಿತೆಂದು ಗೊತ್ತಾದಂತೆ ಮುಖ ಅರಳುತ್ತದೆ. ಬೀದಿಯಲ್ಲಿ ನಡೆದುಹೋಗುವಾಗ ಆ ಬುಳುಬುಳು ಸದ್ದು ಮತ್ತೆ ಕೇಳಿಸುತ್ತದೆ. ಮುದುಕಿಯ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.