ನಾಲ್ಕು ವಾದ್ಯ, ಒಂದು ಷಡ್ಜ

ನಮ್ಮ ರಾಗಗಳನ್ನು ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಬರೆದರೆ ರಾಗ ಕೆಡುತ್ತದೆ ಎನ್ನುವವರಿದ್ದಾರೆ. ಬರೆಯಬಹುದು, ಆದರೆ ಕೀಬೋರ್ಡ್ ಮೇಲೆ ಕಾರ್ಡ್ ಒತ್ತಿದ ಹಾಗೆ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಬೇಸಿಗೆ ರಜೆಯಿಂದ ನಾನು ಮ್ಯೂಸ್‌ಸ್ಕೋರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಭೂಪಾಲಿ ರಾಗದ ಒಂದು ಸಣ್ಣ ರಚನೆ ಬರೆಯುತ್ತಿದ್ದೇನೆ. ಅದಕ್ಕೇ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ.

ಕ್ವಾರ್ಟೆಟ್ ಎಂದರೆ ಎರಡು ವಯೊಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಕುರ್ಚಿಯಲ್ಲಿ ಕುಳಿತು ಮೊಣಕಾಲ ನಡುವೆ ಹಿಡಿದು ನುಡಿಸುವ ಒಂದು ಚೆಲೊ. ತಬಲಾ ಇಲ್ಲ, ತಂಬೂರಿ ಇಲ್ಲ, ಹಾಡುವವರೂ ಇಲ್ಲ. ಆಸ್ಟ್ರಿಯಾದ ಹೈಡನ್ ಇಂಥವು 68 ಬರೆದರು, ಬೇಥೋವನ್ 16 ಬರೆದರು. ಕೇಳಲು ಸಣ್ಣ ಮೇಳ, ಬರೆಯಲು ಕುಳಿತರೆ ಅಡಗಲು ಎಲ್ಲೂ ಜಾಗವಿಲ್ಲ. ಸಿನಿಮಾ ಹಾಡಿನಲ್ಲಿ ಮೂವತ್ತು ವಯೊಲಿನ್ ಇದ್ದರೆ ಒಂದು ತಪ್ಪು ಸ್ವರ ಮುಚ್ಚಿಹೋಗುತ್ತದೆ. ಇಲ್ಲಿ ನಾಲ್ವರಲ್ಲಿ ಒಬ್ಬರು ಸುಮ್ಮನಿದ್ದರೂ ಗೊತ್ತಾಗುತ್ತದೆ.

ಭೂಪಾಲಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಚೆಲೊ ಮತ್ತು ವಯೋಲಾದ ತಂತಿಗಳನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ಸಿ, ಜಿ, ಡಿ, ಎ ಎಂದೂ, ವಯೊಲಿನ್ ತಂತಿಗಳನ್ನು ಜಿ, ಡಿ, ಎ, ಇ ಎಂದೂ ಶ್ರುತಿ ಮಾಡುತ್ತಾರೆ. ಸಿ ಸ್ವರವನ್ನು ಷಡ್ಜ ಎಂದಿಟ್ಟುಕೊಳ್ಳಿ. ಆಗ ಬೆರಳಿಡದೆ ನುಡಿಸುವ ಹದಿನಾರು ತಂತಿಗಳೂ ಸಾ, ರೇ, ಗ, ಪ, ಧ ಈ ಐದರಲ್ಲೇ ಬರುತ್ತವೆ. ಅಂದರೆ ನಾಲ್ಕೂ ವಾದ್ಯಗಳನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದರೂ ಅವು ಭೂಪಾಲಿಯಲ್ಲೇ ಇವೆ! ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಷ್ಟ ಶುರುವಾಗುವುದು ಆಮೇಲೆ. ಪಾಶ್ಚಾತ್ಯ ಪದ್ಧತಿಯಲ್ಲಿ ಒಂದು ಬಿಟ್ಟು ಒಂದು ಸ್ವರ ಜೋಡಿಸಿ ಮೂರು ಸ್ವರದ ಕಾರ್ಡ್ ಮಾಡುತ್ತಾರೆ. ಭೂಪಾಲಿಯಲ್ಲಿ ಮ, ನಿ ಇಲ್ಲ. ಹೀಗಾಗಿ ಸಿಗುವ ಕಾರ್ಡ್ ಎರಡೇ: ಸಾ-ಗ-ಪ ಮತ್ತು ಧ-ಸಾ-ಗ. ಎರಡರಲ್ಲಿ ಎಷ್ಟು ಹೊತ್ತು ಓಡಾಡಲು ಸಾಧ್ಯ? ಬೇಸರವಾಗಿ ಚೆಲೊವನ್ನು ಕೆಳಗೆ ಪಂಚಮದ ಮೇಲೆ ನಿಲ್ಲಿಸಿದರೆ ಕಿವಿ ಅದನ್ನೇ ಷಡ್ಜ ಎಂದುಕೊಳ್ಳುತ್ತದೆ, ಮೇಲಿನ ವಯೊಲಿನ್ ಒಂದು ಸ್ವರವನ್ನೂ ಬದಲಿಸದೆ ದುರ್ಗಾ ಆಗಿಬಿಡುತ್ತದೆ. ಗಾಂಧಾರದ ಮೇಲೆ ನಿಲ್ಲಿಸಿದರೆ ಮಾಲಕಂಸ. ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ಸೂಚ್ಯಂಕದ ಪಾಠ ಓದಿದವರಿಗೆ ಇದು ಬೇಗ ಅರ್ಥವಾದೀತು. ಬೆಲೆಗಳು ಅವೇ ಇದ್ದರೂ ಆಧಾರ ವರ್ಷ ಬದಲಿಸಿದರೆ ಎಲ್ಲ ಸೂಚ್ಯಂಕಗಳೂ ಬದಲಾಗುತ್ತವೆ. ಷಡ್ಜ ನಮ್ಮ ಆಧಾರ ವರ್ಷ. ಪಾಶ್ಚಾತ್ಯ ರಚನಕಾರ ಅದನ್ನು ಬೇಕೆಂದೇ ಸರಿಸುತ್ತಾನೆ, ಅವನ ಸೊಗಸು ಅದರಲ್ಲೇ ಇದೆ. ನಮ್ಮ ತಂಬೂರಿ ಸರಿಯಲು ಬಿಡುವುದಿಲ್ಲ. ಇಷ್ಟೇ ಅಲ್ಲ, ಆಧಾರ ಸರಿಯದಿದ್ದರೂ ವಯೋಲಾ ಧೈವತವನ್ನು ಹೆಚ್ಚು ಹೊತ್ತು ಎತ್ತಿ ಹಿಡಿದರೆ ಅದೇ ಐದು ಸ್ವರಗಳ ದೇಶಕಾರ ಬಂದು ಕೂರುತ್ತದೆ.

ಆದ್ದರಿಂದ ಕಾರ್ಡ್ ಬಿಟ್ಟು ಸವಾಲ್-ಜವಾಬ್ ಹಿಡಿಯಬೇಕು ಎನ್ನುತ್ತೇನೆ. ನಾಲ್ವರು ಬುದ್ಧಿವಂತರು ಮಾತಾಡುತ್ತಿರುವುದನ್ನು ಕೇಳಿದಂತೆ ಎಂದು ಜರ್ಮನ್ ಕವಿ ಗಯಟೆ ಕ್ವಾರ್ಟೆಟ್ ಬಗ್ಗೆ 1829ರಲ್ಲೇ ಬರೆದಿದ್ದರು. ಹಾಗೆ ಮಾತಾಡುವುದು ನಮ್ಮ ಕಡೆಗೆ ಹೊಸದೇನಲ್ಲ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ರಿವಾಯತ್ ಪದ ಹಾಡುವಾಗ ಒಂದು ಗುಂಪು ಬಿಟ್ಟದ್ದನ್ನು ಇನ್ನೊಂದು ಗುಂಪು ಎತ್ತಿಕೊಳ್ಳುತ್ತದೆ. ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ, ಪದ ಕನ್ನಡದ್ದು. ಹರದೇಶಿ-ನಾಗೇಶಿಯವರಂತೂ ವಾದ ಮಾಡುತ್ತಲೇ ಹಾಡುತ್ತಾರೆ. ಎರಡನೇ ವಯೊಲಿನ್‌ಗೆ ಬರೀ ತುಂಬುಸ್ವರ ಕೊಟ್ಟು ಕೂರಿಸುವ ಬದಲು ಅದಕ್ಕೊಂದು ನಾಗೇಶಿ ಪಕ್ಷ ಕೊಟ್ಟು ನೋಡಿ.

ಇನ್ನು ಮೀಂಡ್. ಪಂಚಮದಿಂದ ಗಾಂಧಾರಕ್ಕೆ ಜಾರುವ ದಾರಿಯನ್ನು ಐದು ಗೆರೆಯ ನೊಟೇಶನ್‌ನಲ್ಲಿ ಒಂದು ಓರೆ ಗೆರೆಯಾಗಿ ತೋರಿಸಬಹುದು, ಆದರೆ ಎಷ್ಟು ನಿಧಾನ, ಎಲ್ಲಿ ಒತ್ತು, ಅದನ್ನು ಕಾಗದ ಹೇಳುವುದಿಲ್ಲ. ಆ ಸುಂದರವಾದ ಬೆರಳಿಡದ ತಂತಿಗಳು ಜಾರುವುದೂ ಇಲ್ಲ. ಆದರೂ ಹಾರ್ಮೋನಿಯಂಗಿಂತ ಈ ನಾಲ್ಕು ವಾದ್ಯಗಳೇ ನಮ್ಮ ರಾಗಕ್ಕೆ ಹತ್ತಿರ, ಏಕೆಂದರೆ ಇವುಗಳಲ್ಲಿ ಸ್ವರಕ್ಕೆ ಕಟ್ಟಿದ ಮನೆಯಿಲ್ಲ. ಇದೇ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತ್ತು. (ಗದಗಿನ ಪುಟ್ಟರಾಜ ಗವಾಯಿಗಳ ಹಾರ್ಮೋನಿಯಂ ಕೇಳಿದವರು ಆ ನಿಷೇಧವನ್ನು ಒಪ್ಪಲಿಕ್ಕಿಲ್ಲ. ಕವ್ವಾಲಿ ಕೇಳಿ ಬೆಳೆದ ನಾನೂ ಒಪ್ಪುವುದಿಲ್ಲ.)

“ಯೇ ಅಪ್ನಾ ಬಾಜಾ ನೈ” ಎನ್ನುತ್ತಾರೆ ನಮ್ಮ ಚಾಚಾ. ವಾದ್ಯಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ, ಆ ಚರ್ಚೆಯನ್ನು ಹಿರಿಯರಿಗೇ ಬಿಡುತ್ತೇನೆ. ಆದರೆ “ಅಪ್ನಾ” ಎಂಬ ಮಾತಿಗೆ ಉತ್ತರವಿದೆ. ಧಾರವಾಡದಲ್ಲಿ ನೆಲೆಸಿದ ರಹಿಮತ್ ಖಾನರಿಂದ ಅವರ ಮೊಮ್ಮಗ ಬಾಲೇಖಾನರವರೆಗೆ, ಅವರ ನಂತರವೂ, ಒಂದು ಮನೆತನವೇ ಸಿತಾರ್ ನುಡಿಸಿಕೊಂಡು ಬಂದಿದೆ. ಕುಂದಗೋಳದ ಸವಾಯಿ ಗಂಧರ್ವರು ಕಲಿತದ್ದು ಅಬ್ದುಲ್ ಕರೀಂ ಖಾನರಲ್ಲಿ. ಇನ್ನು ಆಕಾಶವಾಣಿ ಶುರುವಾಗುವಾಗ ಬರುವ ಆ ಪಿಟೀಲಿನ ರಾಗ? ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್, ಯುರೋಪಿನಿಂದ 1934ರಲ್ಲಿ ಮುಂಬೈಗೆ ಬಂದ ಯಹೂದಿ. ಶಿವರಂಜನಿಯಲ್ಲಿ ರಚಿಸಿ ತಂಬೂರಿಯ ಮೇಲೆ ಕೂರಿಸಿದರು. ಮುಂಬೈಯಲ್ಲಿದ್ದಾಗ ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನೂ ಬರೆದರು. ನಮ್ಮ ಸಂಗೀತ ಮೊದಮೊದಲು ಅವರಿಗೆ ಅರ್ಥವೇ ಆಗಿರಲಿಲ್ಲ, ಮತ್ತೆ ಮತ್ತೆ ಕೇಳಿ ಕಲಿತರು. ಅವರ ರಾಗವನ್ನು ನಮ್ಮ ದಾದಿ ಅಪ್ನಾ ಎಂದೇ ತಿಳಿದಿದ್ದಾರೆ.

ಈಚೆಗೆ ಈ ಕೆಲಸ ಚೆನ್ನಾಗಿ ಮಾಡಿದವರು ಮದ್ರಾಸ್ ಸ್ಟ್ರಿಂಗ್ ಕ್ವಾರ್ಟೆಟ್ ಕಟ್ಟಿದ ವಿ.ಎಸ್. ನರಸಿಂಹನ್. ಇಳಯರಾಜಾ ಅವರ 1986ರ ‘ಹೌ ಟು ನೇಮ್ ಇಟ್’ನಲ್ಲಿ ವಯೊಲಿನ್ ನುಡಿಸಿದವರೂ ಅವರೇ. ಕರ್ನಾಟಕ ಸಂಗೀತದ ಕೃತಿಗಳನ್ನು ಅವರು ನಾಲ್ಕು ವಾದ್ಯಕ್ಕೆ ಹಂಚಿದ್ದಾರೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೊ ಬಲ್ಲವರು, ರಷ್ಯಾದ ಮೆಡ್ಟ್ನರ್ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟವರು, 94 ಕೃತಿ ರಚಿಸಿದವರು. ಅವರೊಂದು ಕ್ವಾರ್ಟೆಟ್ ಬರೆದಿದ್ದರೆ ನನಗೆ ನೋಡಿ ಕಲಿಯಲು ಅನುಕೂಲವಾಗುತ್ತಿತ್ತು!

ಕೊನೆಗೆ, ನುಡಿಸುವವರು ಯಾರು? ವಯೊಲಿನ್ ಬಲ್ಲವರು ರೈಲು ಹತ್ತಿದರೆ ಗದಗಿನಲ್ಲಿ ಸಿಗುತ್ತಾರೆ. ವಯೋಲಾ, ಚೆಲೊಗಳನ್ನು ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ ನಾನು ಈವರೆಗೆ ಕಣ್ಣಾರೆ ಕಂಡಿಲ್ಲ. ಸಿಗುವ ವಯೊಲಿನ್ ವಾದಕರೂ ಹಾಡಿನ ಹಿಂದೆ ಹೋಗಲು ಕಲಿತವರು, ಬರೆದದ್ದನ್ನು ನಾಲ್ವರು ಕೂಡಿ ನುಡಿಸಲು ಅಲ್ಲ. ಚೆಲೊ ಬರುವವರೆಗೆ ಕಾಯುವುದು ಬೇಡ. ಮೂರು ವಯೊಲಿನ್, ಒಂದು ಸಾರಂಗಿ ಎಂದು ಬರೆದರೂ ಬರೆಯುವ ಅಭ್ಯಾಸವಾದರೂ ಆದೀತು.

ನಮ್ಮ ಕಾಲೇಜಿಗೆ ನನ್ನ ಕೋರಿಕೆ ಸಣ್ಣದು. ಶನಿವಾರ ಕ್ಲಾಸ್ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬನ್ನು ಒಂದು ತಾಸು ತೆರೆದಿಟ್ಟರೆ ನನ್ನ ಹಾಗೆ ಬರೆಯಲು ಬಯಸುವವರು ಕೂಡಿ ಬರೆಯಬಹುದು. ಶಬ್ದ ಆಗುವುದಿಲ್ಲ, ಹೆಡ್‌ಫೋನ್ ನಾವೇ ತರುತ್ತೇವೆ. ಈಗ ಹನ್ನೊಂದು ಆವರ್ತನ ಆಗಿದೆ. ಒಂಬತ್ತನೆಯದರಲ್ಲಿ ಚೆಲೊ ಇನ್ನೂ ದುರ್ಗಾ ಕಡೆಗೇ ಎಳೆಯುತ್ತಿದೆ.